ಕಾಳವ್ವನ ಕಲ್ಲನ್ನು ಬಿಸಾಡಬೇಡಿ

ಮೇಲೂರು
ಎರಡನೇ ಬೇಸಿಗೆಯ ಮೂರನೇ ಸೋಮವಾರ, ೨೧೪೧

ಮುತ್ತಜ್ಜ ಮೌನೇಶಪ್ಪನವರಿಗೆ, ನಿಮ್ಮ ಮೊಮ್ಮಗನ ಮಗಳು ಬನಶ್ರೀ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಯಾರೋ ತಮಾಷೆ ಮಾಡಿದ್ದಾರೆಂದು ಕಾಗದ ಎಸೆಯಬೇಡಿ. ನಮ್ಮಲ್ಲಿ ವರ್ಷಕ್ಕೆ ಎರಡು ಬೇಸಿಗೆ. ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ಹಳೆಯ ಧ್ವನಿಮುದ್ರಣಗಳನ್ನು ಕೇಳಿ ಕಲಿತಿದ್ದೇನೆ. ವಯಸ್ಸಿನಲ್ಲಿ ಈಗಿನ ನಿಮಗಿಂತ ನಾನೇ ದೊಡ್ಡವಳು, ಆದರೂ ಕಾಲಿಗೆ ಬೀಳಬೇಕಾದವಳೂ ನಾನೇ. ಈ ಕಾಗದ ಬರುತ್ತಿರುವುದು ಹಿಂದಂಚೆಯಲ್ಲಿ. ಹಿಂದಿನ ಕಾಲದವರಿಗೆ ಕಾಗದ ಒಯ್ಯುವ ಅಂಚೆಗೆ ನಾವಿಟ್ಟ ಹೆಸರು ಅದು. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ಬಹಳ ಜನ ಅದನ್ನು ನಿಮ್ಮ ಕಾಲದವರನ್ನು ಬೈಯುವುದಕ್ಕೇ ಖರ್ಚು ಮಾಡುತ್ತಾರೆ. ನನಗೂ ಬೈಯಬೇಕಿದೆ, ಆದರೆ ಅದಕ್ಕಿಂತ ಮುಂಚೆ ಒಂದು ಕೆಲಸವಿದೆ.

ಕಾಗದ ಕೈಸೇರುವಾಗ ನಿಮ್ಮ ಗ್ಯಾರೇಜಿನಲ್ಲಿ ಒಂದು ಎಂಜಿನ್ ಸರಪಳಿಯಲ್ಲಿ ತೂಗುತ್ತಿರುತ್ತದೆ. ಪಲ್ಟಿಯಾದ ಲಾರಿಯೊಂದರಿಂದ ಬಿಚ್ಚಿ ತಂದದ್ದು, ಜೊತೆಗೆ ಅದರ ಐದು ಗೇರಿನ ಗೇರ್‌ಬಾಕ್ಸ್. ಎರಡನ್ನೂ ನಿಮ್ಮ ಹಳೆಯ ವ್ಯಾನಿಗೆ ಕೂರಿಸಲು ಹೊರಟಿದ್ದೀರಿ. ಯಾಕೆಂದೂ ಗೊತ್ತು. ನಿಮ್ಮ ಹೆಂಡತಿ ಕಾಳವ್ವ ಜೋಳದ ರೊಟ್ಟಿಯ ಬುಟ್ಟಿಗಳನ್ನು ನೀವು ಓಡಿಸುವ ಆ ವ್ಯಾನಿನಲ್ಲಿ ಗುಡ್ಡದ ಮೇಲಿನ ಗಣಿ ಕೆಲಸಗಾರರಿಗೆ ಒಯ್ಯುತ್ತಾರೆ. ವ್ಯಾನ್ ಏರಿನಲ್ಲಿ ಏದುಸಿರು ಬಿಡುವಾಗ ಅವರು ಕೆಳಗಿಳಿದು ಹಿಂದೆ ಹಿಂದೆ ನಡೆಯುತ್ತಾರೆ. ಅದು ನಿಂತರೆ ಹಿಂದಕ್ಕೆ ಸರಿಯದಂತೆ ಗಾಲಿಗೆ ಕಲ್ಲು ಇಡುತ್ತಾರೆ. ಹೆಂಡತಿ ಬಿಸಿಲಿನಲ್ಲಿ ಕಲ್ಲು ಹಿಡಿದು ನಡೆಯುವುದನ್ನು ಕನ್ನಡಿಯಲ್ಲಿ ನೋಡಿ ನಿಮ್ಮ ಕರುಳು ಚುರುಕ್ ಎಂದಿತು. ಅದು ಪ್ರೀತಿಯೇ, ಅಲ್ಲವೆನ್ನುವುದಿಲ್ಲ.

ಎಂಜಿನ್ ಹೊಸದು, ಗೇರ್‌ಬಾಕ್ಸ್ ಹೊಸದು, ಬ್ರೇಕ್ ಮಾತ್ರ ಹಳೆಯದೇ. ಕಾಳವ್ವನಿಗೆ ಅದು ಹೊಳೆದಿತ್ತು. "ಓಡೂದು ಓಡತೈತಿ, ನಿಲ್ಲತೈತೇನು?" ಎಂದು ಕೇಳಿದರು. ನೀವು ಕೊಟ್ಟ ಉತ್ತರ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ: "ಮೊದ್ಲು ಏರ್ಲಿ ತಗಿ, ಇಳಿಯೂದು ತಾನ ಇಳೀತೈತಿ." ನಿಮ್ಮ ಓಣಿಯ ಗ್ಯಾರೇಜುಗಳಲ್ಲಿ 'ಏರು ನೋಡುವ' ಪದ್ಧತಿ ಇತ್ತು. ಗಾಲಿಗೆ ನಿಂಬೆಹಣ್ಣು ಇಟ್ಟು, ಓಣಿಯವರನ್ನೆಲ್ಲ ತುಂಬಿಕೊಂಡು, ಗೇರ್ ಇಳಿಸದೆ ಗುಡ್ಡ ಹತ್ತಿಸಿದರೆ ಮೆಕ್ಯಾನಿಕ್ ಗೆದ್ದ ಹಾಗೆ. ಮೇಲಿನ ಗುಡಿಯಲ್ಲಿ ಕಾಯಿ ಒಡೆದರೆ ಪರೀಕ್ಷೆ ಮುಗಿಯಿತು. ಇಳಿಯುವುದನ್ನು ಪರೀಕ್ಷೆ ಎಂದು ಯಾರೂ ಎಣಿಸಲಿಲ್ಲ.

ನಿಮಗೆ ಇನ್ನೂ ನಡೆಯದ್ದು, ನಮಗೆ ಎಂದೋ ಮುಗಿದದ್ದು, ಕೇಳಿ. ವ್ಯಾನ್ ಗೆದ್ದಿತು. ಓಣಿಯವರು ಪ್ರಸಾದಕ್ಕೆಂದು ಗುಡಿಯಲ್ಲೇ ಉಳಿದರು. ಕಾಳವ್ವ "ಇನ್ನ ಇದರ ಹಂಗಿಲ್ಲ ನನಗ" ಎಂದು ನಗುತ್ತ ಕಲ್ಲನ್ನು ಅಲ್ಲೇ ಬಿಸಾಡಿ ಮುಂದಿನ ಸೀಟಿನಲ್ಲಿ ಕೂತರು. ನೀವು ದೊಡ್ಡ ಗೇರಿನಲ್ಲಿ, ದೊಡ್ಡ ಉಮೇದಿನಲ್ಲಿ ಇಳಿಸಿದಿರಿ. ಅರ್ಧ ದಾರಿಯಲ್ಲಿ ಸುಟ್ಟ ವಾಸನೆ ಬಂತು, ಮುಂದಿನ ತಿರುವಿನಲ್ಲಿ ಬ್ರೇಕಿನ ಪೆಡಲ್ ನೆಲಕ್ಕೆ ಕೂತಿತು. ನೀವು ಕುಂಟುತ್ತ ಬದುಕಿದಿರಿ, ಅವರು ಉಳಿಯಲಿಲ್ಲ. ಆಮೇಲೆ ಗುಡಿಯ ಮುಂದೆ ಬಿದ್ದಿದ್ದ ಆ ಕಲ್ಲನ್ನು ತಂದು ದೇವರ ಜಗಲಿಯ ಮೇಲಿಟ್ಟಿರಿ. ಈಗ ಅದು ನನ್ನೆದುರಿಗಿದೆ.

ನಿಮ್ಮ ಕಾಲದವರು ಎಲ್ಲದಕ್ಕೂ ಹೀಗೇ ದೊಡ್ಡ ಎಂಜಿನ್ ಕೂರಿಸಿ ಹೋದಿರಿ. ಕೆಳಗಿನ ಊರುಗಳಲ್ಲಿ ಈಗ ಮಧ್ಯಾಹ್ನ ಚಪ್ಪಲಿ ಹಾಕಿಯೂ ನಿಲ್ಲಲಾಗದು. ನಿಮ್ಮ ಗುಡ್ಡದ ಮೇಲೆಯೇ, ಗಣಿಯವರು ಅಗೆದುಬಿಟ್ಟ ಗುಂಡಿಗಳಿಗೆ ಮಾಡು ಹಾಕಿಕೊಂಡು ನಾವಿದ್ದೇವೆ. ಹಗಲು ಮಲಗುತ್ತೇವೆ, ಸಂತೆ, ಶಾಲೆ, ಮದುವೆ ಎಲ್ಲ ಬಿಸಿಲಿಳಿದ ಮೇಲೆ. ಕುಡಿಯುವ ನೀರು ಏರುಬಂಡಿಯಲ್ಲಿ ಬರುತ್ತದೆ; ಉಕ್ಕಿನ ಹಗ್ಗ ಹಿಡಿದು ಗುಡ್ಡ ಹತ್ತಿಳಿಯುವ ತೊಟ್ಟಿ ಎಂದುಕೊಳ್ಳಿ. ಅದನ್ನು ನಿಲ್ಲಿಸುವ ಕೆಲಸ ನನ್ನದು, ನಮ್ಮಲ್ಲಿ ಅದಕ್ಕೆ ತಡೆಗಾರ್ತಿ ಎನ್ನುತ್ತಾರೆ. ಊರಿನ ಹಿರಿಯರು ಮೊನ್ನೆ ಬಂಡಿಗೆ ಎರಡು ಪಟ್ಟು ಬಲದ ಎಂಜಿನ್ ತರಿಸಿದರು. ತಡೆಯನ್ನೂ ಬದಲಿಸಿ ಎಂದೆ. ಮೊದಲು ಏರಲಿ, ಆಮೇಲೆ ನೋಡೋಣ ಎಂದರು. ನಿಮ್ಮ ಹೆಸರನ್ನೂ ಕೇಳದ ಜನ, ನಿಮ್ಮದೇ ಮಾತು! ಮೈಯೆಲ್ಲ ಉರಿದುಹೋಯಿತು. ನೂರು ವರ್ಷದಲ್ಲಿ ನಾವು ಕಲಿತದ್ದು ಇಷ್ಟೇ. ಇವರಿಗೆ ಹೇಳಿ ಸಾಕಾಗಿ ನಿಮಗೆ ಬರೆಯುತ್ತಿದ್ದೇನೆ.

ಎಂಜಿನ್ ಕೂರಿಸಿ, ಬೇಡವೆನ್ನುವುದಿಲ್ಲ. ಆದರೆ ಮೊದಲು ಬ್ರೇಕ್ ಬದಲಿಸಿ. ಆ ಲಾರಿಯ ಬ್ರೇಕ್ ಸಾಮಾನು ನಿಮ್ಮ ಗ್ಯಾರೇಜಿನ ಮೂಲೆಯಲ್ಲೇ ಬಿದ್ದಿದೆ. ಮುಪ್ಪಿನಲ್ಲಿ ನೀವು ಅತ್ತದ್ದೆಲ್ಲ ಅದನ್ನು ನೆನೆದೇ. ಇಳಿಯುವಾಗ ಸಣ್ಣ ಗೇರಿನಲ್ಲಿ ಬನ್ನಿ. ಕಾಳವ್ವನಿಗೆ ಕಲ್ಲು ಬಿಸಾಡಗೊಡಬೇಡಿ.

ಅವರು ಬದುಕಿದರೆ ನೀವು ಎರಡನೇ ಮದುವೆಯಾಗುವುದಿಲ್ಲ. ಆ ಎರಡನೆಯವರ ಮಗನೇ ನನ್ನ ಅಜ್ಜ. ಅಜ್ಜ ಇಲ್ಲವೆಂದರೆ ನಾನೂ ಇಲ್ಲ. ಅದನ್ನು ತಿಳಿದೇ ಬರೆಯುತ್ತಿದ್ದೇನೆ. ಬಿಟ್ಟುಹೋಗಲು ಅಳುವಷ್ಟು ಚೆಂದದ ಲೋಕವನ್ನೇನೂ ನೀವು ನಮಗೆ ಉಳಿಸಿಲ್ಲ. ಆದರೂ ಹೆದರಿಕೆಯಾಗುತ್ತಿದೆ, ಸುಳ್ಳು ಹೇಳಲಾರೆ.

ಕಾಗದ ಹಾಕಿ ಬಂದು, ಚಹಾ ಕಾಸಿಕೊಂಡು ಈ ಕಲ್ಲಿನ ಎದುರು ಕೂರುತ್ತೇನೆ. ಚಹಾ ಆರಿದ ಮೇಲೂ ನಾನು ಇಲ್ಲೇ ಇದ್ದರೆ, ನೀವು ನಕ್ಕು ಈ ಕಾಗದಕ್ಕೆ ಕೈಯ ಗ್ರೀಸ್ ಒರೆಸಿಕೊಂಡಿರಿ ಎಂದು ತಿಳಿದುಕೊಳ್ಳುತ್ತೇನೆ.

ಸದ್ಯಕ್ಕೆ ನಿಮ್ಮ ಮರಿಮಗಳು,
ಬನಶ್ರೀ