ಚುಕ್ಕಿಗೆ ಹೆದರಿಕೆ ಕಲಿಸಿದ್ದು

ಜೂನ್ 3, ಬೆಳಿಗ್ಗೆ

ಸ್ಕೂಲ್ ವ್ಯಾನ್ ಹೊರಗೆ ತೆಗೆದರೆ ನಡುರಸ್ತೆಯಲ್ಲಿ ಮತ್ತೆ ಅವಳೇ. ಚುಕ್ಕಿ. ಹಾರ್ನ್ ಹೊಡೆದೆ. ಕಿವಿ ಕೂಡ ಅಲ್ಲಾಡಿಸಲಿಲ್ಲ. ಜಿಂಕೆಯೋ, ಬೀದಿಯ ಯಜಮಾನಿಯೋ! ಕೊನೆಗೆ ಇಳಿದು, ಬೆನ್ನು ತಟ್ಟಿ ಪಕ್ಕಕ್ಕೆ ಸರಿಸಿದೆ. ಮೊದಲ ಟ್ರಿಪ್ಪೇ ತಡ.

ಜೂನ್ 5

ಫಾರೆಸ್ಟ್ ಗಾರ್ಡ್ ಬಂದಿದ್ದ. ಮುಂದಿನ ವಾರವೂ ಚುಕ್ಕಿ ಬೀದಿಯಲ್ಲೇ ಇದ್ದರೆ ಮತ್ತಿನ ಸೂಜಿ ಹೊಡೆದು ಲಾರಿಯಲ್ಲಿ ಸಾಗಿಸುತ್ತಾರಂತೆ.

"ಗಬ್ಬ ಆಗಿದೆ ಮೇಡಂ. ಗಾಬರಿಗೆ ದಾರೀಲೇ ಸತ್ರೂ ಸತ್ತೀತು. ನಿಮ್ಮನ್ನ ಕಂಡ್ರೆ ಓಡೋ ಹಾಗೆ ಮಾಡಿ. ಅದೊಂದೇ ದಾರಿ."

ಇನ್ನು ಯಾರೂ ಏನೂ ತಿನ್ನಿಸುವಂತಿಲ್ಲ. ಬೀದಿಯವರೆಲ್ಲ ಒಪ್ಪಿದರು. ಅತ್ತೆ ಮಾತ್ರ ಪಾತ್ರೆ ತೊಳೆಯಬೇಕೆಂದು ಒಳಗೆ ನಡೆದರು.

ಜೂನ್ 6, ಸಂಜೆ

ಸ್ಟೀಲ್ ತಟ್ಟೆ, ಸೌಟು ಹಿಡಿದು ಬೀದಿಗಿಳಿದೆ. ಢಣಢಣ ಬಡಿದೆ. ಓಡಿದಳು... ನನ್ನ ಕಡೆಗೇ! ತಟ್ಟೆಗೆ ಮೂತಿ ಇಟ್ಟು ಹುಡುಕಿದಳು. ಅತ್ತೆ ಬಾಗಿಲ ಮರೆಯಲ್ಲಿ. ಬೇಸಿಗೆಯಿಡೀ ತಟ್ಟೆ ಬಡಿದೇ ಅವಳನ್ನು ಊಟಕ್ಕೆ ಕರೆಯುತ್ತಿದ್ದರಂತೆ!

"ಮೊದ್ಲೇ ಹೇಳೋಕೇನಾಗಿತ್ತು ಅತ್ತೆ?"

"ಹೇಳಿದ್ರೆ ನಿಲ್ಲಿಸ್ತಿದ್ದೆ ನೀನು."

ಸಿಟ್ಟು ಬಂತು. ನಗುವೂ ಬಂತು.

ಜೂನ್ 7

ಟಾರ್ಚು, ನೀರಿನ ಪೈಪು, ಪಕ್ಕದ ಮನೆ ದರ್ಜಿಯ ಬೈಗುಳ — ಯಾವುದಕ್ಕೂ ಜಗ್ಗಲಿಲ್ಲ. ನೀರು ಬಿಟ್ಟರೆ ಕುಡಿದಳು. ಅತ್ತೆಗೆ ಒಳಗೊಳಗೇ ಖುಷಿ. ತಡೆಯಲಾರದೆ ಅಂದುಬಿಟ್ಟೆ, "ಅವಳು ಸತ್ರೆ ನಿಮ್ಮ ತಟ್ಟೆಯಿಂದ್ಲೇ!"

ಅನ್ನಬಾರದಿತ್ತು. ಅತ್ತೆ ಊಟ ಮಾಡಲಿಲ್ಲ.

ಜೂನ್ 10

ಬೆಳಿಗ್ಗೆ ಹೊರಗೆ ತಟ್ಟೆಯ ಸದ್ದು. ಎದ್ದುಬಿದ್ದು ಓಡಿದೆ. ಅತ್ತೆಯೇ! ಚುಕ್ಕಿ ಕುಣಿಯುತ್ತ ಬಂದಳು. ಕೈಗೆಟುಕುವಷ್ಟು ಬಂದಾಗ ಅತ್ತೆ ಬೆನ್ನ ಹಿಂದಿನಿಂದ ಕಪ್ಪು ಕೊಡೆ ತೆಗೆದು ಅವಳ ಮುಖಕ್ಕೇ ಫಟ್ಟನೆ ಬಿಚ್ಚಿದರು. ನಿಂತಲ್ಲೇ ಮೇಲಕ್ಕೆ ಹಾರಿದಳು ಚುಕ್ಕಿ. ತಿರುಗಿ ಓಟ ಕಿತ್ತಳು!

"ತಟ್ಟೆ ಬಡಿದು ಕರೆದೋಳು ನಾನು. ಆ ಅಭ್ಯಾಸ ಬಿಡಿಸೋಳೂ ನಾನೇ ಆಗ್ಬೇಕು ಕಣೇ." ಅತ್ತೆ ಕೊಡೆ ಮಡಚಿ ಮತ್ತೆ ತಟ್ಟೆ ಕೈಗೆತ್ತಿಕೊಂಡರು.

ಸಂಜೆಗೆ ಬೀದಿಯ ತುಂಬ ತಟ್ಟೆ, ಕೊಡೆ. ಹನಿ ಮಳೆಯಿಲ್ಲದೆ ಎಲ್ಲರ ಕೈಯಲ್ಲೂ ಕೊಡೆ!

ಜೂನ್ 14

ಲಾರಿ ಬಂತು. ಗಾರ್ಡ್ ತಾನೇ ತಟ್ಟೆ ಬಡಿದು ನೋಡಿದ. ಬೇಲಿಯಾಚೆ ತಲೆ ಎತ್ತಿದವಳು ಒಂದೇ ನೆಗೆತಕ್ಕೆ ಮಾಯ. ಲಾರಿ ಖಾಲಿ ವಾಪಸ್! ಮೊದಲು ಶಿಳ್ಳೆ ಹಾಕಿದ್ದು ದರ್ಜಿ. ಅತ್ತೆ ಒಳಗೆ ಹೋಗಿ ಒಂದಿಷ್ಟು ಕಣ್ಣೀರು ಹಾಕಿದರು. ಆಮೇಲೆ ಹೊಟ್ಟೆ ತುಂಬ ಊಟ ಮಾಡಿದರು.

ಜುಲೈ 28, ಬೆಳಿಗ್ಗೆ, ವ್ಯಾನಿನಲ್ಲಿ

ಅತ್ತೆಯನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯುತ್ತಿದ್ದೆ. ಕಾಡಿನಂಚಿನ ತಿರುವಿನಲ್ಲಿ ಚುಕ್ಕಿ! ಪಕ್ಕದಲ್ಲಿ ಕಡ್ಡಿಕಾಲಿನ ಮರಿ. ವ್ಯಾನ್ ನಿಲ್ಲಿಸಿದೆ. ಮರಿ ನಮ್ಮ ಕಡೆಗೆ ಹೆಜ್ಜೆ ಇಟ್ಟಿತು. ಅತ್ತೆ ಕೊಡೆಗೆ ಕೈ ಹಾಕಿದರು. ಅಷ್ಟರಲ್ಲಿ ಚುಕ್ಕಿಯೇ ಗೊರಸು ನೆಲಕ್ಕೆ ಬಡಿದಳು. ಮರಿಯನ್ನು ಅಟ್ಟಿಕೊಂಡು ಕಾಡಿನೊಳಕ್ಕೆ ಓಡಿದಳು. ಕೊಡೆ ಬಿಚ್ಚುವ ಕೆಲಸವೇ ಬೀಳಲಿಲ್ಲ.

"ನೋಡ್ದೇನೇ? ಅವಳೇ ಕಲಿಸ್ತಿದಾಳೆ!"

ಅತ್ತೆ ಕುಣಿಯುವುದೊಂದು ಬಾಕಿ. ಗೆದ್ದೆವು! ಕೂತಲ್ಲೇ ಬರೆಯುತ್ತಿದ್ದೇನೆ. ಡಾಕ್ಟರು ಕಾಯಲಿ. ಇನ್ನೂ ಬರೆಯುವುದಿದೆ, ಆದರೆ ಅತ್ತೆ "ಹೊತ್ತಾಯ್ತು, ನಡಿಯೇ" ಅಂತ ಪಕ್ಕದಿಂದ ಬಗ್ಗಿ ಹಾರ್ನ್ ಮೇಲೆ ಕೈಯಿಟ್ಟು —