ವಾಲ್ವ್ ಮುಚ್ಚಿದ ನಾಲ್ಕು ಸಾಲು

ಕಾಕಾ,

ನಿಮ್ಮ ಪಕ್ಕ ಕೂತ ಮೊದಲ ದಿನ ಇನ್ನೂ ನೆನಪಿದೆ. ಹೈದರಾಬಾದಿನಲ್ಲಿ ನನ್ನ ಗೆಳತಿಯರೆಲ್ಲ ಬ್ಯಾಂಕುಗಳಿಗೆ ಸಾಫ್ಟ್‌ವೇರ್ ಬರೆಯುತ್ತಿದ್ದಾಗ, ನೀವು ನನ್ನನ್ನು ಡೀಸೆಲ್ ಎಂಜಿನ್ನಿಗೆ ಪ್ರೋಗ್ರಾಂ ಬರೆಯಲು ನಿಮ್ಮ ಆಫೀಸಿಗೆ ಕರೆತಂದಿರಿ. "ನೋಡವ್ವಾ ಶೈಲಾ, ಹೊಗಿ ಸ್ವಲ್ಪ ತಿರುಗಿ ಎಂಜಿನ್ನಿಗೇ ಕುಡಿಸಬೇಕು. ಒಳಗಿನ ಬೆಂಕಿ ತಣ್ಣಗ ಉರಿತೈತಿ, ವಿಷದ ಗಾಳಿ ಕಡಿಮಿ ಆಗತೈತಿ. ಎಷ್ಟು ಕುಡಿಸಬೇಕಂತ ವಾಲ್ವಿಗೆ ಹೇಳೋದಷ್ಟ ನಮ್ಮ ಕೆಲಸ," ಅಂದಿರಿ. ಅಪ್ಪನ ತಮ್ಮ ನನಗೆ ಗುರುವಾದದ್ದು ಅವತ್ತು.

ನಮ್ಮ ಆಫೀಸಿನಲ್ಲೇ ಗಾಡಿ ಪರೀಕ್ಷಿಸುತ್ತಿದ್ದ ಪದ್ಮಜಾ ಪಟಾನ್‌ಚೆರು ರಸ್ತೆಯಲ್ಲಿ ನಮ್ಮ ಪ್ರೋಗ್ರಾಂ ಹಾಕಿದ ವ್ಯಾನ್ ಓಡಿಸಿ ಹೊಗೆ ಅಳೆದು ಬಂದ ಮಧ್ಯಾಹ್ನ ನಿಮಗೆ ನೆನಪಿದೆಯೇ? ಪರೀಕ್ಷಾ ಕೋಣೆಯಲ್ಲಿ ಸರಿಯಿದ್ದ ವಿಷದ ಅಳತೆ ರಸ್ತೆಯಲ್ಲಿ ಹಲವು ಪಟ್ಟು ಏರಿತ್ತು. ವಾಲ್ವ್ ತೆರೆಯುತ್ತಲೇ ಇಲ್ಲ ಎಂದಳು. ನೀವು ನನ್ನ ಕಡೆ ತಿರುಗಿ, "ಸೆನ್ಸರ್ ಕೆಟ್ಟೈತಿ. ರಿಪೋರ್ಟ್ ನೀನ ಬರಿ," ಅಂದಿರಿ. ಸೆನ್ಸರ್ ಬಿಚ್ಚಿ ನೋಡದೆಯೇ ಬರೆದೆ. ಅಳೆಯಲು ಬಾರದವಳೆಂದು ಅವಳನ್ನು ಕೆಲಸದಿಂದ ತೆಗೆದರು. ಅವಳು ಹೊರಡುವಾಗ ನಾನು ತಲೆ ಎತ್ತಲಿಲ್ಲ. ನಿಮ್ಮ ಮಾತಿಗಿಂತ ದೊಡ್ಡ ಅಳತೆ ನನಗೆ ಬೇರೆ ಇರಲಿಲ್ಲ.

ಹೃದಯ ನಿಂತು ನೀವು ತೀರಿಹೋದ ಮೂರನೆಯ ವಾರ ನಿಮ್ಮ ಕೆಲಸವನ್ನೆಲ್ಲ ನನಗೆ ಒಪ್ಪಿಸಿದರು. ಪ್ರೋಗ್ರಾಂ ತೆರೆದೆ. ನಾಲ್ಕು ಸಾಲು. ಎಂಜಿನ್ ಪರೀಕ್ಷೆಯ ಹೊತ್ತಿಗಿಂತ ಹೆಚ್ಚು ಓಡಿದರೆ ವಾಲ್ವ್ ಮುಚ್ಚು. ಗಾಡಿ ಜೋರಾಗಿ ಎಳೆಯಲಿ, ಗಿರಾಕಿ ಖುಷಿಯಾಗಲಿ, ಅಷ್ಟೇ ಅಲ್ಲವೇ? ಬರೆದವರ ಜಾಗದಲ್ಲಿ ನನ್ನ ಹೆಸರು, ಪಕ್ಕದಲ್ಲಿ ತಾರೀಖು ಇತ್ತು. ಮದುವೆ ಸೀರೆ ತರಲು ಅಮ್ಮನ ಜೊತೆ ಸುಲ್ತಾನ್ ಬಜಾರಿಗೆ ಹೋದ ದಿನ, ತುರ್ತು ಬಂದರೆ ಇರಲೆಂದು ನಾನೇ ನಿಮಗೆ ಪಾಸ್‌ವರ್ಡ್ ಕೊಟ್ಟಿದ್ದೆ. ಆ ದಿನವೇ ಬರೆದಿದ್ದೀರಿ. ಸಂಜೆ ಮನೆಗೆ ಬಂದು ಸೀರೆ ಮುಟ್ಟಿ, "ಬಣ್ಣ ಭಾಳ ಛಲೋ ಐತಿ," ಅಂದವರೂ ನೀವೇ.

ನಿಮ್ಮ ಮನೆಗೆ ಹೋಗಿ ಕಾಕುಗೆ ಹೇಳಿದೆ. "ಹೋಗಿಬಿಟ್ಟಾರವ್ವಾ. ಈಗ್ಯಾಕ ಅವರ ಹೆಸರು ಕೆಡಸ್ತಿ?" ಎಂದರು. ನನ್ನ ಹೆಸರು ಕೆಡಿಸುವಾಗ ನಿಮಗೆ ಯಾರೂ ಹಾಗೆ ಕೇಳಲಿಲ್ಲ, ಕಾಕಾ. ಸಿಕ್ಕಿಬಿದ್ದರೆ ನಾನು ನಿಮಗಾಗಿ ಸುಮ್ಮನಿರುತ್ತೇನೆ ಅಂದುಕೊಂಡಿದ್ದಿರಾ?

ಮೊನ್ನೆ ಮಿಯಾಪುರದಲ್ಲಿ ಪದ್ಮಜಾಳ ಮನೆ ಹುಡುಕಿ ಹೋದೆ. ಒಳಗೆ ಕರೆಯಲಿಲ್ಲ. ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ. "ಲಿಖ್‌ಕೇ ದೇತೀ ಕ್ಯಾ?" ಎಂದು ಮಾತ್ರ ಕೇಳಿದಳು. ಬರೆದುಕೊಟ್ಟೆ. ಅದನ್ನೇ ವ್ಯಾನ್ ತಯಾರಿಸುವ ಕಂಪನಿಗೂ ಕಳಿಸಿದೆ. ಗಾಡಿಗಳನ್ನು ವಾಪಸ್ ಕರೆಸುತ್ತಿದ್ದಾರೆ. ಆಫೀಸಿನಲ್ಲಿ ನನ್ನನ್ನು ಉಳಿಸಿಕೊಳ್ಳುತ್ತಾರೋ ಇಲ್ಲವೋ, ಗೊತ್ತಿಲ್ಲ. ಸುಳ್ಳು ವರದಿ ನನ್ನದು, ಆ ಸಾಲುಗಳು ನಿಮ್ಮವು ಎಂದು ಬರೆದಿದ್ದೇನೆ. ಕಾಕಾ ಅಂತಲ್ಲ. ನಿಮ್ಮ ಪೂರ್ತಿ ಹೆಸರು.

ಶೈಲಾ