ಬೆನ್ನಿಗೆ ಕಟ್ಟುವ ಬಟ್ಟೆ

ದೆಡ್ಜಾ, ಶುಕ್ರವಾರ

ಅಕ್ಕಾ,

ಬೆಳಗಿನ ನಾಲ್ಕಕ್ಕೇ ಡೋಲಿನ ಸದ್ದಿಗೆ ಎಚ್ಚರವಾಯಿತು. ನಾಳೆ ದೇಶದ ಅಧ್ಯಕ್ಷರ ಪತ್ನಿ ಚುನಾವಣಾ ಪ್ರಚಾರಕ್ಕೆ ಇಲ್ಲಿಗೆ ಬರುತ್ತಾರೆ. ಹೆಂಗಸರು ಸ್ವಾಗತದ ಕುಣಿತ ಕಲಿಯುತ್ತಿದ್ದಾರೆ. ಆ ಅಧ್ಯಕ್ಷರ ಪತ್ನಿಯ ಮುಖ ಅಚ್ಚಾದ ಬಟ್ಟೆಯನ್ನು ಅವರ ಪಕ್ಷದ ಇಲ್ಲಿನ ಮಹಿಳಾ ಮುಖಂಡೆ ನಾಸಿಬೆಕೊ ನಿನ್ನೆ ನನಗೂ ಪುಕ್ಕಟೆ ಕೊಟ್ಟರು. ಅದರಲ್ಲಿ ಮಗುವನ್ನು ಬೆನ್ನಿಗೆ ಕಟ್ಟಿಕೊಂಡರೆ ಆ ಮುಖ ಸರಿಯಾಗಿ ಕೂಸಿನ ಕುಂಡಿಯ ಕೆಳಗೇ ಬಂತು! ನಾಸಿಬೆಕೊ ಬೈಯಲಿಲ್ಲ, ನಕ್ಕರು. "ತಿರುಗಿಸಿ ಕಟ್ಟೇ ತಾಯಿ. ನಾಡಿದ್ದು ಅಮ್ಮಾವ್ರು ಕ್ಯಾಮೆರಾ ಮುಂದೆ ಎತ್ಕೊಳ್ಳೋದು ನಿನ್ ಮಗೂನೇ."

ಊರಲ್ಲಿ ಇಷ್ಟು ಕೂಸುಗಳಿರುವಾಗ, ವಿರೋಧ ಪಕ್ಷದ ಪರ ಭಾಷಣ ಮಾಡುವ ನನ್ನ ಗಂಡನ ಮಗುವೇ ಏಕೆ ಬೇಕು? ಆ ಚಿತ್ರ ನೋಡಿದ ಮೇಲೆ ಇವರನ್ನು ಇವರ ಪಕ್ಷದವರು ನಂಬುತ್ತಾರೆಯೇ? ಪ್ರಚಾರಕ್ಕೆ ಹೋದವರು ಫೋನಿಗೂ ಸಿಗುತ್ತಿಲ್ಲ. ಈಗ ನನ್ನ ಫೋನಿನ ದುಡ್ಡೂ ಮುಗಿದಿದೆ.

ಮಗುವಿನ ಜ್ವರ ನಿನ್ನೆಯೇ ಇಳಿಯಿತು. ಇಳಿದಿಲ್ಲ, ಕೂಸನ್ನು ಕರೆತರಲಾರೆ ಎಂದು ನಾಸಿಬೆಕೊಗೆ ಹೇಳಿಬಿಡಲೇ? ಈ ಕಾರ್ಡನ್ನು ಬಸ್ಸಿನವನ ಕೈಲಿ ಕಳಿಸುತ್ತಿದ್ದೇನೆ, ಸಂಜೆಗೆ ಸಿಗುತ್ತದೆ. ಏನು ಮಾಡಲಿ ಎಂದು ನಾಳೆ ಬೆಳಗಾಗುವ ಮೊದಲು ಫೋನ್ ಮಾಡಿ ಹೇಳು, ನಿನ್ನ ದಮ್ಮಯ್ಯ.

ತಡಾಲಾ